ಬಾಗಿದ ಬಂಧಗಳು: ‘ಆಗಲ್ಲ’ ಅಂದ ಉಂಗುರಗಳ ಕಥೆ

ಪಿಯುಸಿಯಲ್ಲಿ ನಾನು ಸೈಕ್ಲೋಪ್ರೊಪೇನ್ ಅಂತ ಒಂದು ತ್ರಿಕೋನ ಬರೆದು, ಮಾರ್ಕ್ಸ್ ತಗೊಂಡು, ಮರೆತುಬಿಟ್ಟಿದ್ದೆ. ಇಂಥ ಪುಟ್ಟ ಉಂಗುರಗಳ ಹಿಂದೆ ಬಿದ್ದವನಿಗೆ ಆ ಕಾಲದ ಘಟಾನುಘಟಿಗಳೆಲ್ಲ ಬೇಡಪ್ಪಾ ಅಂದಿದ್ದರು ಅನ್ನೋದು ಗೊತ್ತಾಗಿದ್ದು ಈ ಎಪಿಸೋಡಿಗೆ ಓದುವಾಗ.

1882, ಮ್ಯೂನಿಕ್. ಅಡಾಲ್ಫ್ ಫಾನ್ ಬೇಯರ್ ಅವರ ಪ್ರಯೋಗಾಲಯಕ್ಕೆ ಇಂಗ್ಲೆಂಡಿನ ಹುಡುಗನೊಬ್ಬ ಸೇರ್ತಾನೆ. ಹೆಸರು ವಿಲಿಯಂ ಹೆನ್ರಿ ಪರ್ಕಿನ್. ಕೃತಕ ನೇರಳೆ ಬಣ್ಣ ಕಂಡುಹಿಡಿದ ಪರ್ಕಿನ್ ಇವನ ಅಪ್ಪ, ಹೆಸರೂ ಒಂದೇ. ಮೂರು, ನಾಲ್ಕು ಕಾರ್ಬನ್‌ಗಳ ಉಂಗುರ ಕಟ್ಟಬೇಕು ಅನ್ನೋದು ಇವನ ಹಠ. ಆಗ ಚೆನ್ನಾಗಿ ಗೊತ್ತಿದ್ದದ್ದು ಬೆಂಜೀನಿನಂಥ ಆರರ ಉಂಗುರಗಳು. ವಿಕ್ಟರ್ ಮೇಯರ್ ಬೇಡ ಅಂದರು, ಎಮಿಲ್ ಫಿಶರ್ ಬೇಡ ಅಂದರು, ಸ್ವತಃ ಬೇಯರ್ ಅವರಿಗೂ ನಂಬಿಕೆ ಇರಲಿಲ್ಲ. ಹುಡುಗ ಕೇಳಲಿಲ್ಲ. ಒಂದೆರಡು ವರ್ಷದೊಳಗೆ ನಾಲ್ಕರ ಉಂಗುರವೂ ಬಂತು, ಮೂರರದ್ದೂ ಬಂತು.

ಬೇಯರ್ ದೊಡ್ಡತನ ನೋಡಿ. ಸುಮ್ಮನೆ ಕೂರದೆ, ಅದು ಹೇಗೆ ಸಾಧ್ಯ ಅಂತ ತಲೆ ಕೆಡಿಸಿಕೊಂಡರು. ಕಾರ್ಬನ್ನಿನ ನಾಲ್ಕು ಬಂಧಗಳ ನಡುವೆ ಸುಮಾರು 109.5 ಡಿಗ್ರಿ ಕೋನ ಇರಬೇಕು. ತ್ರಿಕೋನದಲ್ಲಿ ಸಿಗೋದು 60. ಅಂದರೆ ಬಂಧ ಬಿಲ್ಲಿನ ಹಾಗೆ ಬಾಗಿ, ಸೆಟೆದು ನಿಂತಿರುತ್ತೆ ಅಂತ 1885ರಲ್ಲಿ ಬರೆದರು. ತಮಾಷೆ ಅಂದರೆ, ಇಷ್ಟು ದೊಡ್ಡ ಮಾತು ಬಂದದ್ದು ಸ್ಫೋಟಕ ಸಂಯುಕ್ತಗಳ ಬಗೆಗಿನ ಇನ್ಯಾವುದೋ ಲೇಖನದ ಕೊನೆಯಲ್ಲಿ! ಎಲ್ಲ ಉಂಗುರಗಳೂ ತಟ್ಟೆಯಂತೆ ಚಪ್ಪಟೆ ಅಂದುಕೊಂಡದ್ದು ಮಾತ್ರ ಅವರ ತಪ್ಪು. ಆರರ ಉಂಗುರ ಚಪ್ಪಟೆ ಇರಬೇಕಿಲ್ಲ, ಮಡಚಿಕೊಳ್ಳಬಹುದು ಅಂತ 1890ರಲ್ಲಿ ಹೆರ್ಮಾನ್ ಸಾಕ್ಸೆ ಹೇಳಿದ. ಯಾರೂ ಕಿವಿಗೊಡಲಿಲ್ಲ. ಮೂರೇ ವರ್ಷಕ್ಕೆ ತೀರಿಕೊಂಡ. ಅವನ ಮಾತಿಗೆ ಬೆಲೆ ಬರೋಕೆ 1918 ಆಗಬೇಕಾಯ್ತು. ನನಗೆ ಈ ಭಾಗ ಓದಿ ನಿಜಕ್ಕೂ ಬೇಜಾರಾಯ್ತು.

ಹಾಗಾದರೆ ಬಾಗೋದು ಏನು? ನಾವು ಎಳೆಯೋ ಗೆರೆ ಒಂದು ಗುರುತು ಅಷ್ಟೇ. ನಿಜಕ್ಕೂ ಅಲ್ಲಿರೋದು ಎಲೆಕ್ಟ್ರಾನ್‌ಗಳು. 1940ರ ದಶಕದ ಕೊನೆಗೆ ಕೌಲ್ಸನ್ ಮತ್ತು ಮಾಫಿಟ್ ಲೆಕ್ಕ ಹಾಕಿ ತೋರಿಸಿದರು: ಸೈಕ್ಲೋಪ್ರೊಪೇನಿನಲ್ಲಿ ಎಲೆಕ್ಟ್ರಾನ್‌ಗಳು ಎರಡು ಕಾರ್ಬನ್‌ಗಳ ನಡುವಿನ ನೇರ ಗೆರೆಯ ಮೇಲೆ ದಟ್ಟವಾಗಿಲ್ಲ, ತ್ರಿಕೋನದ ಹೊರಕ್ಕೆ ಉಬ್ಬಿಕೊಂಡಿವೆ. ಲ್ಯಾಬಿನ ಮಾಡೆಲ್ ಕಿಟ್‌ನಲ್ಲಿ ಮೂರು ಚೆಂಡು ಸೇರಿಸೋಕೆ ಹೋದರೆ ಪ್ಲಾಸ್ಟಿಕ್ ಕೊಳವೆ ಹೊರಕ್ಕೆ ಬಾಗುತ್ತಲ್ಲ, ಹೆಚ್ಚುಕಡಿಮೆ ಹಾಗೇ.

ಇನ್ನೂ ಹುಚ್ಚು ಅಣು ಒಂದಿದೆ, ಪ್ರೊಪೆಲೇನ್. ಐದೇ ಕಾರ್ಬನ್; ಮೂರು ತ್ರಿಕೋನಗಳು ಒಂದೇ ಅಂಚನ್ನು ಹಂಚಿಕೊಂಡಿವೆ. ಆ ಅಂಚಿನ ಎರಡು ಕಾರ್ಬನ್‌ಗಳಿಗೆ ನಾಲ್ಕೂ ಬಂಧಗಳು ಒಂದೇ ಪಕ್ಕದಲ್ಲಿ, ಗಾಳಿಗೆ ತಿರುಗಿಬಿದ್ದ ಕೊಡೆಯ ಥರ. 1982ರಲ್ಲಿ ಯೇಲ್‌ನ ಕೆನೆತ್ ವೈಬರ್ಗ್ ಮತ್ತು ಫ್ರೆಡರಿಕ್ ವಾಕರ್ ಇದನ್ನು ತಯಾರಿಸಿದರು. ಮಾಮೂಲಿ ಕೋಣೆಯ ಬಿಸಿಯಲ್ಲಿ ಅದು ಉಳಿಯಿತು! ಆದರೆ ಆ ಎರಡು ಕಾರ್ಬನ್‌ಗಳ ಮಧ್ಯೆ ಸಾಮಾನ್ಯ ಬಂಧದಲ್ಲಿ ಕಾಣುವ ಎಲೆಕ್ಟ್ರಾನ್ ದಟ್ಟಣೆ ಕಾಣಲಿಲ್ಲ. ಬಂಧ ಇದೆಯೋ ಇಲ್ಲವೋ ಅಂತ ಜಗಳ ಶುರುವಾಯ್ತು. ಇದೆ, ಆದರೆ ಬೇರೆಯೇ ಜಾತಿಯದು ಅಂತ 2009ರಲ್ಲಿ ಸಾಸನ್ ಶೈಕ್, ಫಿಲಿಪ್ ಇಬೆರ್ಟಿ ಮತ್ತು ಜೊತೆಗಾರರು ವಾದಿಸಿದರು.

ಅಷ್ಟರಲ್ಲಿ ಔಷಧ ತಯಾರಿಸೋರು ಅದನ್ನು ಕೆಲಸಕ್ಕೆ ಹಚ್ಚಿದ್ದಾರೆ. ಆ ನಡುವಿನ ಬಂಧವನ್ನು ಬಿಡಿಸಿ, ಎರಡು ತುದಿಗೂ ಬೇಕಾದ್ದನ್ನು ಅಂಟಿಸಿ, ಬೆಂಜೀನ್ ಉಂಗುರದ ಜಾಗದಲ್ಲಿ ಕೂರಿಸಿ ನೋಡ್ತಾರೆ. ಅದರ ಕಥೆ ಮುಂದಿನ ವಾರ.