ತಾಳೆ ತ್ಯಾಜ್ಯದಿಂದ ಸೂಕ್ಷ್ಮಜೀವಿ ಎಣ್ಣೆ

ಎಣ್ಣೆತಾಳೆಯ ಹಣ್ಣು ಹಿಂಡಿದ ಮೇಲೆ ಗಿರಣಿಯಲ್ಲಿ ಉಳಿಯುವ ಬರಿಗೊನೆ, ನಾರು, ಹಿಂಡಿ, ಕೊಳೆನೀರು ಮತ್ತು ತೋಟದಲ್ಲಿ ಕಡಿದುರುಳಿಸಿದ ಮುದಿ ಕಾಂಡಗಳನ್ನು ಯೀಸ್ಟ್, ಶಿಲೀಂಧ್ರಗಳಿಗೆ ಉಣಿಸಿ, ಅವು ಕೋಶದೊಳಗೆ ಕೂಡಿಡುವ ಕೊಬ್ಬಿನಿಂದ ಜೈವಿಕ ಡೀಸೆಲ್ ಮಾಡುವ ವಿಧಾನ. ಒಣತೂಕದ ಶೇ. 20ಕ್ಕಿಂತ ಹೆಚ್ಚು ಕೊಬ್ಬು ಕೂಡಿಡಬಲ್ಲ ಜೀವಿಗಳಷ್ಟೇ ಈ ಕೆಲಸಕ್ಕೆ ಒದಗುತ್ತವೆ.

ಸೂಕ್ಷ್ಮಜೀವಿಯಿಂದ ಎಣ್ಣೆ ತೆಗೆಯುವ ಯತ್ನ ಹುಟ್ಟಿದ್ದು ಯುದ್ಧಕಾಲದ ಅಭಾವದಲ್ಲಿ. ಮೊದಲ ಮಹಾಯುದ್ಧದ ದಿನಗಳಲ್ಲಿ ಜರ್ಮನಿಯ ಪಾಲ್ ಲಿಂಡ್ನರ್ 'ಎಂಡೊಮೈಸಿಸ್ ವರ್ನಾಲಿಸ್' ಎಂಬ ಯೀಸ್ಟಿನಿಂದ ಕೊಬ್ಬು ಪಡೆಯಲು ಶ್ರಮಿಸಿದರು. ಯುದ್ಧ ಮುಗಿದು ಗಿಡಮರಗಳ ಎಣ್ಣೆ ಮತ್ತೆ ಅಗ್ಗವಾದಾಗ ಆ ಯತ್ನ ನಿಂತಿತು. ಎರಡನೆಯ ಮಹಾಯುದ್ಧದ ನಂತರವೂ ಹಾಗೆಯೇ ಆಯಿತು. 1985ರಲ್ಲಿ ಇಂಗ್ಲೆಂಡಿನ ಜೆ. ಅಂಡ್ ಇ. ಸ್ಟರ್ಜ್ ಕಂಪನಿ 'ಮ್ಯೂಕರ್' ಶಿಲೀಂಧ್ರದ ಎಣ್ಣೆಯನ್ನು ಮಾರುಕಟ್ಟೆಗೆ ತಂದಿತು. ಅದು ಇಂಧನವಲ್ಲ, ಗಾಮಾ ಲಿನೋಲೆನಿಕ್ ಆಮ್ಲವಿರುವ ದುಬಾರಿ ಆಹಾರಪೂರಕ.

ಹಲ್ ವಿಶ್ವವಿದ್ಯಾಲಯದ ಕಾಲಿನ್ ರಾಟ್ಲೆಜ್ ಅವರ ಸಂಶೋಧನೆ ಈ ಕೊಬ್ಬಿನ ಗುಟ್ಟನ್ನು ಬಿಡಿಸಿತು. ಸಾರಜನಕ ಮುಗಿದು ಸಕ್ಕರೆ ಮಾತ್ರ ಉಳಿದಾಗ ಕೋಶಗಳು ಹೆಚ್ಚುವುದು ನಿಲ್ಲುತ್ತದೆ, ಆದರೆ ಸಕ್ಕರೆ ಒಳಹೋಗುವುದು ನಿಲ್ಲುವುದಿಲ್ಲ. ಅದರಿಂದ ಆದ ಸಿಟ್ರೇಟನ್ನು ಒಂದು ಕಿಣ್ವ ಸೀಳಿ ಕೊಬ್ಬಿನ ತಯಾರಿಕೆಗೆ ಒದಗಿಸುತ್ತದೆ. ಲೆಕ್ಕದ ಪ್ರಕಾರ 100 ಗ್ರಾಂ ಗ್ಲೂಕೋಸಿಗೆ ಹೆಚ್ಚೆಂದರೆ 32 ಗ್ರಾಂನಷ್ಟು ಕೊಬ್ಬು. ಕೈಗೆ ಸಿಗುವುದು ಸುಮಾರು 20 ಗ್ರಾಂ. ಹೀಗಾಗಿ ಕೊಂಡ ಸಕ್ಕರೆಯಿಂದ ಡೀಸೆಲ್ ಮಾಡಿದರೆ ಅಸಲೂ ಹುಟ್ಟದು. ಸಂಶೋಧಕರು ತ್ಯಾಜ್ಯದ ಕಡೆ ತಿರುಗಿದ್ದು ಇದರಿಂದಲೇ.

ತ್ಯಾಜ್ಯಕ್ಕೆ ಆಗ್ನೇಯ ಏಷ್ಯಾದಲ್ಲಿ ಕೊರತೆಯಿಲ್ಲ. ಪಶ್ಚಿಮ ಆಫ್ರಿಕಾ ಮೂಲದ ಎಣ್ಣೆತಾಳೆಯ ನಾಲ್ಕು ಸಸಿಗಳು 1848ರಲ್ಲಿ ಜಾವಾದ ಬೋಗೋರ್ ಸಸ್ಯೋದ್ಯಾನ ಸೇರಿದವು. ಮಲಯದ ಮೊದಲ ವಾಣಿಜ್ಯ ತೋಟ 1917ರಲ್ಲಿ ಸೆಲಂಗೋರಿನ ತೆನ್ನಮಾರಂನಲ್ಲಿ ಎದ್ದಿತು. ಗಿರಣಿಗೆ ಬಂದ ಗೊನೆಯ ತೂಕದಲ್ಲಿ ಐದನೆಯ ಒಂದು ಭಾಗಕ್ಕೂ ಹೆಚ್ಚು ಬರಿಗೊನೆಯಾಗಿ ಉಳಿಯುತ್ತದೆ. ಒಂದು ಟನ್ ಎಣ್ಣೆಗೆ ಎರಡೂವರೆ ಟನ್ನಿಗೆ ಕಡಿಮೆಯಿಲ್ಲದಷ್ಟು ಕೊಳೆನೀರು ಹೊರಬೀಳುತ್ತದೆ. ಅದರ ಜೈವಿಕ ಆಮ್ಲಜನಕ ಬೇಡಿಕೆ (ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಹೀರುವ ಆಮ್ಲಜನಕ) ಲೀಟರಿಗೆ ಸುಮಾರು 25,000 ಮಿಲಿಗ್ರಾಂ. ನದಿಗೆ ಬಿಟ್ಟರೆ ಮೀನುಗಳಿಗೆ ಉಸಿರೇ ಇಲ್ಲ. ಮಲೇಷ್ಯಾ 1977ರಲ್ಲಿ ನಿಯಮ ತಂದು, ಈ ಪ್ರಮಾಣವನ್ನು ಹಂತಹಂತವಾಗಿ 100 ಮಿಲಿಗ್ರಾಂಗೆ ಇಳಿಸುವಂತೆ ಗಿರಣಿಗಳನ್ನು ಕಟ್ಟಿಹಾಕಿತು. ಕೊಳೆನೀರನ್ನು ಏನು ಮಾಡುವುದೆಂಬ ಪ್ರಶ್ನೆ ಗಿರಣಿಯ ಖರ್ಚಿನ ಪುಸ್ತಕಕ್ಕೆ ಬಂದದ್ದು ಈ ಕಾನೂನಿನಿಂದ. ಇದರ ಮಹತ್ವ ಯಾವ ಯೀಸ್ಟಿನ ಶೋಧಕ್ಕೂ ಕಡಿಮೆಯಲ್ಲ.

ಈ ಶತಮಾನದಲ್ಲಿ ಸೂಕ್ಷ್ಮಜೀವಿ ಎಣ್ಣೆ, ತಾಳೆ ತ್ಯಾಜ್ಯ ಎಂಬ ಎರಡೂ ಧಾರೆಗಳು ಕೂಡಿದವು. ಥಾಯ್ಲೆಂಡಿನ ಪ್ರಿನ್ಸ್ ಆಫ್ ಸೊಂಗ್ಕ್ಲಾ ವಿಶ್ವವಿದ್ಯಾಲಯದ ಸಂಶೋಧಕರು ಗಿರಣಿಯ ಕೊಳೆನೀರಿನಲ್ಲೇ 'ಯಾರೋವಿಯಾ ಲಿಪೊಲಿಟಿಕಾ' ಯೀಸ್ಟನ್ನು ಬೆಳೆಸಿದರು. ಬರಿಗೊನೆ, ತಾಳೆಬೀಜದ ಹಿಂಡಿಗಳ ಮೇಲೆ 'ಆಸ್ಪರ್ಜಿಲಸ್ ಟ್ಯೂಬಿಂಜೆನ್ಸಿಸ್' ಶಿಲೀಂಧ್ರವನ್ನು ಹಬ್ಬಿಸಿದರು. ಸುಮಾರು 25 ವರ್ಷಕ್ಕೆ ಕಡಿಯುವ ಕಾಂಡಗಳ ರಸದಲ್ಲಿ ಧಾರಾಳವಾಗಿ ಸಕ್ಕರೆಯಿರುವುದನ್ನು ಜಪಾನ್ ಮತ್ತು ಮಲೇಷ್ಯಾದ ವಿಜ್ಞಾನಿಗಳು ತೋರಿಸಿದರು.

ಬರಿಗೊನೆಯೇ ಎಲ್ಲಕ್ಕಿಂತ ಹಟಮಾರಿ. ಅದರ ಸಕ್ಕರೆ ಸೆಲ್ಯುಲೋಸ್, ಹೆಮಿಸೆಲ್ಯುಲೋಸುಗಳಲ್ಲಿ ಸಿಕ್ಕಿಕೊಂಡಿದೆ. ಸುತ್ತ ಲಿಗ್ನಿನ್ ಬಿಗಿದಿದೆ. ಆಮ್ಲದಲ್ಲಿ ಬೇಯಿಸಿದರೆ ಸಕ್ಕರೆಯ ಜೊತೆಗೆ ಫರ್ಫ್ಯೂರಾಲ್, ಅಸಿಟಿಕ್ ಆಮ್ಲಗಳೂ ಬಂದು ಯೀಸ್ಟಿನ ಬೆಳವಣಿಗೆಯನ್ನು ತಡೆಯುತ್ತವೆ. ಸಕ್ಕರೆ ಬಿಡಿಸಲು ಬೇಕಾದ ಕಿಣ್ವ ದುಬಾರಿ, ಕೋಶ ಒಡೆದು ಎಣ್ಣೆ ತೆಗೆಯುವುದಕ್ಕೆ ಮತ್ತೂ ಖರ್ಚು. ಬಂದ ಎಣ್ಣೆಯಲ್ಲಿ ಮಾತ್ರ ದೂರು ಹೇಳುವಂಥದ್ದಿಲ್ಲ: ಪಾಮಿಟಿಕ್, ಓಲಿಯಿಕ್ ಆಮ್ಲಗಳೇ ಹೆಚ್ಚಾಗಿದ್ದು ತಾಳೆ ಎಣ್ಣೆಗೆ ಹತ್ತಿರವಾಗಿರುವುದರಿಂದ, ಡೀಸೆಲ್ ಮಾಡುವ ವಿಧಾನ ಬದಲಾಗಬೇಕಿಲ್ಲ.

ಇಷ್ಟಾದರೂ ಇಂಡೊನೇಷ್ಯಾ 2025ರಲ್ಲಿ ಡೀಸೆಲ್‌ಗೆ ಶೇ. 40 ಬೆರೆಸಲು ಹೊರಟ ಜೈವಿಕ ಇಂಧನ ಸೂಕ್ಷ್ಮಜೀವಿಯದಲ್ಲ, ತಾಳೆಹಣ್ಣಿನ ಎಣ್ಣೆಯದೇ. ಕರ್ನಾಟಕವೂ ತಾಳೆ ಬೆಳೆಯುವ ರಾಜ್ಯ. 2021ರ ರಾಷ್ಟ್ರೀಯ ಯೋಜನೆ ದೇಶದಲ್ಲಿ ಈ ಬೆಳೆಯನ್ನು ಹರಡಲು ಹೊರಟಿರುವುದರಿಂದ ಗಿರಣಿ ತ್ಯಾಜ್ಯದ ಪ್ರಶ್ನೆ ಇಲ್ಲಿಗೂ ಸೇರಿದ್ದು. ಆದರೆ ಬರಿಗೊನೆಯೆಲ್ಲ ಕಸವಲ್ಲ: ಪೊಟ್ಯಾಷ್ ತುಂಬಿದ ಅದನ್ನು ಮರದ ಬುಡಕ್ಕೆ ಹೊದಿಕೆಯಾಗಿ ಹಾಕುತ್ತಾರೆ, ನಾರು ಮತ್ತು ಕರಟ ಗಿರಣಿಯ ಬಾಯ್ಲರಿಗೆ ಹೋಗುತ್ತವೆ. ಹೇಗಿದ್ದರೂ ಶುದ್ಧೀಕರಿಸಲೇಬೇಕಾದ ಕೊಳೆನೀರಿನಿಂದ ಎಣ್ಣೆಯ ಕೆಲಸ ಆರಂಭಿಸುವುದು ಹೆಚ್ಚು ನ್ಯಾಯ.