ಬೆಂಗಳೂರಲ್ಲಿ ರಾತ್ರಿ ಉಳಿಯಬೇಕಾ? ರೂಮ್ ರೇಟ್ ಜೊತೆ ಮೆಟ್ರೊ ದೂರವನ್ನೂ ಲೆಕ್ಕ ಹಾಕಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕಿನವರಿಗೆ ಮೈಸೂರಿನ ಕೆಲಸ ಅಂದ್ರೆ ಬೆಳಗ್ಗೆ ಹೋಗಿ ಸಂಜೆ ಬರೋದು. ಬೆಂಗಳೂರಿನ ಕೆಲಸ ಹಾಗಲ್ಲ. ಚಿಕ್ಕಪೇಟೆಯಲ್ಲಿ ಸರಕು ನೋಡಿ ರೇಟ್ ಮಾತಾಡೋಕೆ ಒಂದು ದಿನ ಸಾಲಲ್ಲ. ಆಸ್ಪತ್ರೆಯಲ್ಲಿ ಇವತ್ತು ಟೆಸ್ಟ್ ಮಾಡಿ ರಿಪೋರ್ಟಿಗೆ ನಾಳೆ ಬನ್ನಿ ಅಂತಾರೆ. ಕೋರ್ಟು, ಸರ್ಕಾರಿ ಕಚೇರಿ ಕೆಲಸವೂ ಅಷ್ಟೇ. ಆಗ ಒಂದೆರಡು ರಾತ್ರಿಗೆ ಲಾಡ್ಜ್ ಹುಡುಕಲೇಬೇಕು.

ಇಂಥ ಹೊತ್ತಲ್ಲಿ ಹೆಚ್ಚಿನವರು ನೋಡೋದು ರೂಮ್ ಬಾಡಿಗೆ ಒಂದನ್ನೇ. ನೂರಿನ್ನೂರು ಕಮ್ಮಿ ಅಂತ ದೂರದ ಬಡಾವಣೆಯಲ್ಲಿ ರೂಮ್ ಹಿಡಿದ್ರೆ ಉಳಿದ ದುಡ್ಡು ಆಟೊಗೆ ಹೋಗುತ್ತೆ. ದಿನಕ್ಕೆ ಸುಮಾರು 1,500 ರಿಂದ 3,000 ರೂ. ಒಳಗಿನ ಮಧ್ಯಮ ದರದ ರೂಮನ್ನು ಬಸ್, ರೈಲು, ಮೆಟ್ರೊ ಹತ್ತಿರ ನೋಡಿ ಹಿಡಿಯೋದು ಹೇಗೆ ಅನ್ನೋ ಮಾಹಿತಿ ಇಲ್ಲಿದೆ.

ಮೊದಲು ಲೆಕ್ಕ

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೊ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂ., ಆಮೇಲೆ ಪ್ರತಿ ಕಿ.ಮೀ.ಗೆ 18 ರೂ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು. 2025ರ ಫೆಬ್ರವರಿಯಲ್ಲಿ ಏರಿಸಿದ ಮೇಲೆ ಮೆಟ್ರೊ ಟಿಕೆಟ್ ಕನಿಷ್ಠ 10 ರೂ., ಗರಿಷ್ಠ 90 ರೂ.

ಒಂದು ಉದಾಹರಣೆ ನೋಡಿ. ಇಬ್ಬರು ಚಿಕ್ಕಪೇಟೆ ಕೆಲಸಕ್ಕೆ ಎರಡು ದಿನ ಉಳೀತಾರೆ ಅಂದ್ಕೊಳ್ಳಿ. ರೂಮ್ ಬಾಡಿಗೆಗೆ ಶೇ 5 ಜಿಎಸ್‌ಟಿ ಸೇರಿಸಿದ್ರೆ:

- ದೂರದ ರೂಮ್: ದಿನಕ್ಕೆ 1,400 ರೂ., ಪೇಟೆಗೆ 7 ಕಿ.ಮೀ. ಬಾಡಿಗೆ ತೆರಿಗೆ ಸೇರಿ 2,940 ರೂ. ಆಟೊಗೆ ಒಂದು ಸಲಕ್ಕೆ 126 ರೂ., ನಾಲ್ಕು ಸಲಕ್ಕೆ 504 ರೂ. ಒಟ್ಟು 3,444 ರೂ.
- ಮೆಜೆಸ್ಟಿಕ್ ಮೆಟ್ರೊ ಹತ್ತಿರದ ರೂಮ್: ದಿನಕ್ಕೆ 1,600 ರೂ. ಬಾಡಿಗೆ ತೆರಿಗೆ ಸೇರಿ 3,360 ರೂ. ಮೆಟ್ರೊಗೆ ಇಬ್ಬರಿಗೂ ನಾಲ್ಕು ಸಲಕ್ಕೆ 80 ರೂ. ಒಟ್ಟು 3,440 ರೂ.

ದಿನಕ್ಕೆ 200 ರೂ. ಕಮ್ಮಿ ಅನ್ನಿಸಿದ ರೂಮಿನಿಂದ ಉಳಿದದ್ದು ಏನೂ ಇಲ್ಲ. ಇದೂ ಆಟೊದವರು ಮೀಟರ್ ಹಾಕಿದ್ರೆ ಮಾತ್ರ. ಒಂದು ಸಲ ರಾತ್ರಿ 10 ದಾಟಿದ್ರೆ ಇನ್ನೂ 63 ರೂ. ಜಾಸ್ತಿ. ಮಧ್ಯಾಹ್ನ ಒಮ್ಮೆ ಸಾಮಾನು ಇಟ್ಟು ಬರೋಕೆ ರೂಮಿಗೆ ಹೋದ್ರಂತೂ ದೂರದ ರೂಮೇ ದುಬಾರಿ.

ನಿಮ್ಮ ಬಸ್ ಎಲ್ಲಿ ಇಳಿಸುತ್ತೆ?

ಮಂಡ್ಯ, ರಾಮನಗರ ದಾರಿಯಲ್ಲಿ ಬರೋ ಬಸ್‌ಗಳಲ್ಲಿ ಬಹಳಷ್ಟು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೇ ಕೊನೆಯಾಗುತ್ತವೆ. ಅಲ್ಲಿಂದ ಮೆಜೆಸ್ಟಿಕ್‌ಗೆ ಆಟೊ ಹಿಡಿಯೋ ಅಗತ್ಯ ಇಲ್ಲ. ಹತ್ತಿರದ ದೀಪಾಂಜಲಿ ನಗರ ಮೆಟ್ರೊದಲ್ಲಿ ನೇರಳೆ ಮಾರ್ಗದ ರೈಲು ಹತ್ತಿದ್ರೆ ಮೆಜೆಸ್ಟಿಕ್ 6ನೇ ಸ್ಟೇಷನ್. ಈ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡ್ತಿದೆ. ಹಾಗಾಗಿ ವಿಜಯನಗರ, ಅತ್ತಿಗುಪ್ಪೆ ಕಡೆ ಒಳ್ಳೆ ರೂಮ್ ಸಿಕ್ಕರೂ ನಷ್ಟ ಇಲ್ಲ. ಮೆಜೆಸ್ಟಿಕ್ ಗಲಾಟೆಯೂ ಇರಲ್ಲ, ವಾಪಸ್ ಬಸ್ಸಿಗೂ ಹತ್ತಿರ.

ನಾಗಮಂಗಲದಿಂದ ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ ಮೇಲೆ ಬರೋ ಬಸ್ಸು ತುಮಕೂರು ರಸ್ತೆಯಿಂದ ಊರೊಳಗೆ ಬರುತ್ತೆ. ಆ ರಸ್ತೆ ಉದ್ದಕ್ಕೂ ಹಸಿರು ಮಾರ್ಗದ ಮೆಟ್ರೊ ಇದೆ. 2024ರ ನವೆಂಬರ್‌ನಲ್ಲಿ ಅದು ನಾಗಸಂದ್ರದಿಂದ ಮಾದಾವರದವರೆಗೂ ಬಂತು. ಯಶವಂತಪುರ, ರಾಜಾಜಿನಗರ ಕಡೆ ಉಳಿದ್ರೆ ಚಿಕ್ಕಪೇಟೆ, ಕೆ.ಆರ್.ಮಾರ್ಕೆಟ್‌ಗೆ ಗಾಡಿ ಬದಲಿಸದೆ ಒಂದೇ ರೈಲಿನಲ್ಲಿ ಹೋಗಬಹುದು. ಬಿ.ಜಿ.ನಗರದಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯೋರಿಗೂ ಇದೇ ಅನುಕೂಲ.

ಕೆ.ಆರ್.ಪೇಟೆಯವರು ಮಾತ್ರ ಬಸ್ಸು ಯಾವ ದಾರಿಯದ್ದು ಅಂತ ಕಂಡಕ್ಟರ್‌ನ ಮೊದಲೇ ಕೇಳಿಕೊಂಡು ರೂಮ್ ನೋಡೋದು ಒಳ್ಳೇದು. ಮಂಡ್ಯ ಮೇಲೆ ಹೋದ್ರೆ ಮೈಸೂರು ರಸ್ತೆ, ನೆಲಮಂಗಲ ಮೇಲೆ ಹೋದ್ರೆ ತುಮಕೂರು ರಸ್ತೆ. ಊರಿನ ಎರಡು ಬೇರೆ ಬೇರೆ ದಿಕ್ಕು.

ಶ್ರೀರಂಗಪಟ್ಟಣ, ಪಾಂಡವಪುರದಲ್ಲಿ ರೈಲು ಹತ್ತೋರು ಬೆಂಗಳೂರು ಸಿಟಿ ಸ್ಟೇಷನ್‌ನಲ್ಲಿ ಒಂದು ವಿಷಯ ನೆನಪಿಡಿ. ಮೆಜೆಸ್ಟಿಕ್ ಬಸ್ ನಿಲ್ದಾಣ, ಗಾಂಧಿನಗರದ ಲಾಡ್ಜ್‌ಗಳು 1ನೇ ಪ್ಲಾಟ್‌ಫಾರ್ಮ್ ಕಡೆ. ರೈಲ್ವೆ ನಿಲ್ದಾಣದ ಮೆಟ್ರೊ ಸ್ಟೇಷನ್ 10ನೇ ಪ್ಲಾಟ್‌ಫಾರ್ಮ್ ಕಡೆ. ತಪ್ಪು ಕಡೆ ಹೊರಗೆ ಬಂದ್ರೆ ಬ್ಯಾಗ್ ಹೊತ್ತು ಮೆಟ್ಟಿಲು ಹತ್ತಿ ಇಳಿಯೋದೇ ಕೆಲಸ.

ಯಾವ ಕೆಲಸಕ್ಕೆ ಯಾವ ಕಡೆ?

ವ್ಯಾಪಾರ: ಚಿಕ್ಕಪೇಟೆ, ಅವೆನ್ಯೂ ರಸ್ತೆ, ಬಳೇಪೇಟೆ, ಸುಲ್ತಾನ್‌ಪೇಟೆ, ಎಸ್‌.ಪಿ.ರಸ್ತೆ ಕೆಲಸಕ್ಕೆ ಮೆಜೆಸ್ಟಿಕ್, ಗಾಂಧಿನಗರವೇ ಸರಿ. ಚಿಕ್ಕಪೇಟೆ ಒಂದು ಸ್ಟೇಷನ್, ಕೆ.ಆರ್.ಮಾರ್ಕೆಟ್ ಎರಡು ಸ್ಟೇಷನ್. ಹೊರಗಿಂದ ಬಂದವರು ಇಲ್ಲಿ ಉಳಿಯೋದು ಇವತ್ತಿನ ರೂಢಿ ಅಲ್ಲ. ಗುಬ್ಬಿ ತೋಟದಪ್ಪ ರಸ್ತೆಗೆ ಆ ಹೆಸರು ಬಂದಿರೋದು ಪ್ರಯಾಣಿಕರಿಗೆ ಅಲ್ಲಿ ಧರ್ಮಛತ್ರ ಕಟ್ಟಿಸಿದವರಿಂದ. ಪಕ್ಕದ ಸುಬೇದಾರ್ ಛತ್ರಂ ರಸ್ತೆಯ ಹೆಸರಲ್ಲೂ ಛತ್ರ ಇದೆ. ಇನ್ನು ಸರಕು ಮೂಟೆ ಮೆಟ್ರೊದಲ್ಲಿ ಬಿಡಲ್ಲ. ಅದನ್ನು ಅಂಗಡಿಯಿಂದಲೇ ಟ್ರಾನ್ಸ್‌ಪೋರ್ಟ್‌ಗೋ ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೊಗೋ ಹಾಕಿಸಿ, ಕೈಬೀಸಿಕೊಂಡು ರೂಮಿಗೆ ಬನ್ನಿ.

ಆಸ್ಪತ್ರೆ: ವಿಕ್ಟೋರಿಯಾ, ವಾಣಿವಿಲಾಸ, ಮಿಂಟೊ ಮೂರೂ ಕೆ.ಆರ್.ಮಾರ್ಕೆಟ್ ಮೆಟ್ರೊ ಹತ್ತಿರ. ಜಯದೇವಕ್ಕೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗದಲ್ಲಿ ಅದೇ ಹೆಸರಿನ ಸ್ಟೇಷನ್ ಇದೆ. ಹಸಿರು ಮಾರ್ಗದಲ್ಲಿ ಆರ್‌.ವಿ.ರಸ್ತೆಗೆ ಹೋಗಿ ಅಲ್ಲಿ ಬದಲಿಸಿದ್ರೆ ಎರಡನೇ ಸ್ಟೇಷನ್. ರೋಗಿ ಜೊತೆ ಎರಡು ಮೂರು ದಿನ ಇರಬೇಕಾದೋರಿಗೆ ಜಯನಗರ ಕಡೆ ರೂಮ್ ಒಳ್ಳೇದು. ನಿಮ್ಹಾನ್ಸ್, ಕಿದ್ವಾಯಿಗೆ ಮೆಟ್ರೊ ಇನ್ನೂ ಬಾಗಿಲ ತನಕ ಬಂದಿಲ್ಲ. ಲಾಲ್‌ಬಾಗ್‌ನಲ್ಲಿ ಇಳಿದು ಬಸ್ ಅಥವಾ ಆಟೊ ಹಿಡಿಯಬೇಕು. ಹಾಗಾಗಿ ವಿಲ್ಸನ್ ಗಾರ್ಡನ್ ಸುತ್ತಮುತ್ತ ನೋಡಿ. ಕಿದ್ವಾಯಿಯಲ್ಲಿ ರೋಗಿಗಳ ಕಡೆಯವರಿಗೆ ಧರ್ಮಶಾಲೆ ಇದೆ, ಲಾಡ್ಜ್‌ಗೆ ದುಡ್ಡು ಕೊಡೋ ಮೊದಲು ಅಲ್ಲಿ ವಿಚಾರಿಸಿ. ಹೃದಯದ ತೊಂದರೆಗೆ ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲೇ ಜಯದೇವ ಆಸ್ಪತ್ರೆ ಇರೋದನ್ನೂ ಮರೀಬೇಡಿ. ಅಲ್ಲಿಗಾದ್ರೆ ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ರೂಮ್ ಖರ್ಚೇ ಇಲ್ಲ.

ಕಚೇರಿ, ಕೋರ್ಟ್: ವಿಧಾನಸೌಧ, ಎಂ.ಎಸ್.ಬಿಲ್ಡಿಂಗ್, ಹೈಕೋರ್ಟ್‌ಗೆ ನೇರಳೆ ಮಾರ್ಗದ ಡಾ. ಬಿ.ಆರ್.ಅಂಬೇಡ್ಕರ್ ವಿಧಾನಸೌಧ ಸ್ಟೇಷನ್. ಮೆಜೆಸ್ಟಿಕ್ ಅಥವಾ ವಿಜಯನಗರ, ಎಲ್ಲಿ ಉಳಿದ್ರೂ ಒಂದೇ ರೈಲು.

24 ಗಂಟೆನಾ, 12 ಗಂಟೆನಾ?

ತುಂಬಾ ಜನ ಮೋಸ ಹೋಗೋದು ಇಲ್ಲೇ. ಕೆಲವು ಕಡೆ ನೀವು ಯಾವ ಹೊತ್ತಿಗೆ ರೂಮ್ ತಗೊಂಡ್ರೂ ಅಲ್ಲಿಂದ 24 ಗಂಟೆ ಲೆಕ್ಕ. ಇನ್ನು ಕೆಲವು ಕಡೆ ಮಧ್ಯಾಹ್ನ 12ರಿಂದ ಮರುದಿನ ಮಧ್ಯಾಹ್ನದವರೆಗೆ ಒಂದು ದಿನ. ಬೆಳಗ್ಗೆ 7ಕ್ಕೆ ಬಂದು ಸ್ನಾನ ಮಾಡಿ ಕೆಲಸಕ್ಕೆ ಹೋಗೋಣ ಅಂದ್ಕೊಂಡು ಎರಡನೇ ರೀತಿಯ ಲಾಡ್ಜ್‌ಗೆ ಹೋದ್ರೆ ಮಧ್ಯಾಹ್ನದವರೆಗೆ ಕಾಯಿ ಅಂತಾರೆ, ಇಲ್ಲ ಜಾಸ್ತಿ ದುಡ್ಡು ಕೇಳ್ತಾರೆ. ನಮ್ಮ ಕಡೆಯವರು ಹೋಗೋದೇ ಬೆಳಗಿನ ಬಸ್, ರೈಲಿಗೆ. ಹಾಗಾಗಿ 24 ಗಂಟೆ ಲೆಕ್ಕದ ರೂಮ್ 100 ರೂ. ಜಾಸ್ತಿ ಆದ್ರೂ ಲಾಭವೇ.

ಬಿಲ್ ಮತ್ತು ಜಿಎಸ್‌ಟಿ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ಒಳಗಿನ ರೂಮಿಗೆ ಜಿಎಸ್‌ಟಿ ಶೇ 5. ಮೊದಲು ಶೇ 12 ಇತ್ತು. ಈಗಲೂ 12 ಹಾಕಿದ್ರೆ ಕೇಳಿ. ಜಿಎಸ್‌ಟಿ ನಂಬರ್ ಇಲ್ಲದ ಲಾಡ್ಜ್ ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡೋ ಹಾಗೇ ಇಲ್ಲ. ಜಿಎಸ್‌ಟಿ ನೋಂದಣಿ ಇರೋ ಅಂಗಡಿಯವರು ವ್ಯಾಪಾರದ ಕೆಲಸಕ್ಕೇ ಉಳಿದಿದ್ರೆ ಬಿಲ್‌ನಲ್ಲಿ ಅಂಗಡಿ ಹೆಸರು, ನಂಬರ್ ಬರೆಸಿ. ಆ ತೆರಿಗೆ ವಾಪಸ್ ಪಡೆಯಬಹುದಾ ಅಂತ ನಿಮ್ಮ ಲೆಕ್ಕ ನೋಡೋರನ್ನ ಕೇಳಿ.

ಎಚ್ಚರ ಇರಲಿ

- ಬಸ್ ನಿಲ್ದಾಣದಲ್ಲಿ "ರೂಮ್ ಬೇಕಾ ಸಾರ್" ಅಂತ ಹಿಂದೆ ಬರೋರ ಜೊತೆ ಹೋಗಬೇಡಿ. ಅವರ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಸೇರುತ್ತೆ.
- ಆನ್‌ಲೈನ್‌ನಲ್ಲಿ ಸಿಕ್ಕ ಯಾವುದೋ ಮೊಬೈಲ್ ನಂಬರ್‌ಗೆ ಅಡ್ವಾನ್ಸ್ ಕಳಿಸಬೇಡಿ. "ಹೋಟೆಲ್‌ನಲ್ಲೇ ಪಾವತಿ" ಅನ್ನೋದನ್ನ ಆರಿಸಿ.
- "ಮೆಟ್ರೊ ಹತ್ತಿರ" ಅನ್ನೋ ಮಾತು ನಂಬದೆ ಮ್ಯಾಪ್‌ನಲ್ಲಿ ನಡೆಯೋ ದೂರ ನೋಡಿ. 10 ನಿಮಿಷದ ಒಳಗಿರಲಿ. ವಯಸ್ಸಾದೋರು, ರೋಗಿ ಇದ್ರೆ 5 ನಿಮಿಷ.
- ಮೆಟ್ರೊ ಕೊನೆ ರೈಲು ರಾತ್ರಿ 11ರ ಆಸುಪಾಸು. ಭಾನುವಾರ ಬೆಳಗ್ಗೆ ತಡವಾಗಿ ಶುರು ಆಗುತ್ತೆ. ಭಾನುವಾರ ಬೆಳಗಿನ ಬಸ್ ಹಿಡಿಯೋರು ಅದನ್ನೇ ನಂಬ್ಕೊಂಡು ಕೂರಬೇಡಿ.
- ರೂಮ್ ನೋಡಿದ ಮೇಲೇ ದುಡ್ಡು ಕೊಡಿ. ನಲ್ಲಿ ತಿರುಗಿಸಿ, ಬಾಗಿಲ ಚಿಲಕ ಹಾಕಿ, ಹಾಸಿಗೆ ಎತ್ತಿ ನೋಡಿ. ರಸ್ತೆ ಕಡೆ ಕಿಟಕಿ ಇದ್ರೆ ಬಸ್ ಹಾರನ್‌ಗೆ ನಿದ್ದೆ ಬರಲ್ಲ, ಹಿಂಭಾಗದ ರೂಮ್ ಕೇಳಿ.

ಫೋನ್‌ನಲ್ಲಿ ಕೇಳಬೇಕಾದ ಆರು ಪ್ರಶ್ನೆ

1. ತೆರಿಗೆ ಎಲ್ಲಾ ಸೇರಿ ಒಟ್ಟು ಎಷ್ಟು?
2. 24 ಗಂಟೆ ಲೆಕ್ಕನಾ, 12 ಗಂಟೆ ಲೆಕ್ಕನಾ?
3. ಬಿಸಿನೀರು ಎಷ್ಟರಿಂದ ಎಷ್ಟರವರೆಗೆ ಬರುತ್ತೆ?
4. ಲಿಫ್ಟ್ ಇದೆಯಾ? ಕರೆಂಟ್ ಹೋದ್ರೆ ಲಿಫ್ಟ್ ಓಡುತ್ತಾ?
5. ಮೂರನೆಯವರು ಬಂದ್ರೆ ಹಾಸಿಗೆಗೆ ಎಷ್ಟು?
6. ರೂಮ್ ಖಾಲಿ ಮಾಡಿದ ಮೇಲೆ ಸಂಜೆವರೆಗೆ ಬ್ಯಾಗ್ ಇಟ್ಕೊಳ್ತೀರಾ?

ಇರೋರೆಲ್ಲರ ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಅಸಲಿಯೇ ಕೈಲಿರಲಿ. ವಾಪಸ್ ಬರುವಾಗ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ, ರಾಜಹಂಸ, ಎಸಿ ಬಸ್ಸಿಗೆ ಇಲ್ಲ. ಅದಕ್ಕೂ ಅದೇ ಆಧಾರ್ ಬೇಕಾಗುತ್ತೆ.