ಕ್ರಿ.ಶ. 69: ಒಂದೇ ವರ್ಷ, ನಾಲ್ಕು ಚಕ್ರವರ್ತಿಗಳು

ಕೊಡ್ತೀವಿ ಅಂದ ಬೋನಸ್ ಕೊಡದಿದ್ರೆ ಏನಾಗುತ್ತೆ? ನಮ್ಮಲ್ಲಾದ್ರೆ ಹೆಚ್ಚೆಂದರೆ ಪೇಪರ್ ಹಾಕ್ತೀವಿ. ರೋಮ್‌ನಲ್ಲಿ ಚಕ್ರವರ್ತಿಯ ತಲೆಯೇ ಹೋಯ್ತು.

68ರಲ್ಲಿ ನೀರೋ ಸತ್ತ, ಗದ್ದುಗೆಗೆ ವಾರಸುದಾರರಿಲ್ಲ. ಸ್ಪೇನ್‌ನಲ್ಲಿ ಪ್ರಾಂತ್ಯಾಧಿಕಾರಿಯಾಗಿದ್ದ ವೃದ್ಧ ಗಾಲ್ಬಾ ಚಕ್ರವರ್ತಿಯಾದ. ಅರಮನೆ ಕಾಯುವ ಪ್ರಿಟೋರಿಯನ್ ಪಡೆಗೆ ಅವನ ಹೆಸರಲ್ಲಿ ದೊಡ್ಡ ಇನಾಮಿನ ಮಾತು ಕೊಡಲಾಗಿತ್ತು. ಗಾಲ್ಬಾ ಒಂದು ಕಾಸೂ ಬಿಚ್ಚಲಿಲ್ಲ. ಸೈನಿಕರನ್ನ ಆರಿಸ್ತೀನೇ ಹೊರತು ಕೊಂಡ್ಕೊಳ್ಳಲ್ಲ ಅನ್ನೋದು ಅವನ ನಿಲುವು. ಕೇಳೋಕೆ ಚೆಂದ. ಆದ್ರೆ ಮಾತು ಕೊಟ್ಟಾಗಿತ್ತಲ್ಲ!

ರೋಮನ್ ಸೈನಿಕರು ಪ್ರತಿವರ್ಷ ಜನವರಿ 1ರಂದು ಚಕ್ರವರ್ತಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. 69ರ ಆ ದಿನ ರೈನ್ ನದಿ ದಂಡೆಯ ಎರಡು ಲೀಜನ್‌ಗಳು ಮಾಡಲ್ಲ ಅಂದವು. ಮಾರನೇ ದಿನವೇ ಅಲ್ಲಿ ವಿಟೆಲಿಯಸ್ ಹೆಸರು ಘೋಷಣೆಯಾಯ್ತು. ಇತ್ತ ರೋಮ್‌ನಲ್ಲಿ ಪ್ರಿಟೋರಿಯನ್ನರ ಅಸಮಾಧಾನವನ್ನು ಓಥೋ ಬಳಸಿಕೊಂಡ. ಜನವರಿ 15ರಂದು ನಡುಪೇಟೆಯಲ್ಲೇ ಗಾಲ್ಬಾನ ಕೊಲೆಯಾಯ್ತು.

ಏಪ್ರಿಲ್‌ನಲ್ಲಿ ಉತ್ತರ ಇಟಲಿಯ ಬೆಡ್ರಿಯಾಕಂ ಯುದ್ಧದಲ್ಲಿ ಓಥೋನ ಸೈನ್ಯ ಸೋತಿತು. ಅವನು ತಾನೇ ಪ್ರಾಣ ಕಳಕೊಂಡ. ವಿಟೆಲಿಯಸ್ ಗೆದ್ದ. ಆದ್ರೆ ಜುಲೈ 1ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಲೀಜನ್‌ಗಳು ವೆಸ್ಪೇಸಿಯನ್‌ಗೆ ಪ್ರಮಾಣ ಮಾಡಿದವು. ರೋಮ್‌ಗೆ ಬೇಕಾದ ಧಾನ್ಯದ ಒಂದು ದೊಡ್ಡ ಪಾಲು ಹೋಗ್ತಿದ್ದದ್ದು ಈಜಿಪ್ಟಿನಿಂದ. ಈಗ ಅದೂ ಅವನ ಕೈಯಲ್ಲಿ. ಡಿಸೆಂಬರ್‌ನಲ್ಲಿ ಅವನ ಪಡೆ ರೋಮ್‌ಗೆ ನುಗ್ಗಿತು, ವಿಟೆಲಿಯಸ್ ಸತ್ತ, ಸೆನೆಟ್ ವೆಸ್ಪೇಸಿಯನ್‌ನನ್ನು ಒಪ್ಪಿಕೊಂಡಿತು.

ಚಕ್ರವರ್ತಿಯನ್ನ ರೋಮ್‌ನಿಂದಾಚೆಯೂ ಮಾಡಬಹುದು ಅನ್ನೋ ಗುಟ್ಟು ಆಗ ಬಯಲಾಯ್ತು ಅಂತಾನೆ ಇತಿಹಾಸಕಾರ ಟ್ಯಾಸಿಟಸ್. ನಾನು ಇನ್ನೊಂದು ಮಾತು ಸೇರಿಸ್ತೀನಿ: ಗದ್ದುಗೆ ನಿಂತಿದ್ದದ್ದು ವಂಶದ ಮೇಲೂ ಅಲ್ಲ, ಸೆನೆಟ್ ಮೇಲೂ ಅಲ್ಲ, ಸೈನಿಕ ಮನಸ್ಸಿಟ್ಟು ಮಾಡೋ ಆ ಪ್ರಮಾಣದ ಮೇಲೆ. ಆ ನಂಬಿಕೆ ಎರಡೂ ಕಡೆಯಿಂದ ಇರಬೇಕು.

ಆದ್ರೂ ನನ್ನನ್ನ ಕಾಡೋದು ಈ ನಾಲ್ವರಲ್ಲ, ಕ್ರೆಮೋನಾ ಪಟ್ಟಣ. ಅಕ್ಟೋಬರ್‌ನಲ್ಲಿ ಬೆಡ್ರಿಯಾಕಂ ಹತ್ತಿರವೇ ಎರಡನೇ ಯುದ್ಧ ಗೆದ್ದ ವೆಸ್ಪೇಸಿಯನ್ ಕಡೆಯವರು, ಶರಣಾದ ಆ ಊರನ್ನ ನಾಲ್ಕು ದಿನ ಲೂಟಿ ಮಾಡಿ ಸುಟ್ಟರು. ಅದು ಜಾತ್ರೆಯ ಸಮಯ. ಎಲ್ಲೆಲ್ಲಿಂದಲೋ ವ್ಯಾಪಾರಕ್ಕೆ ಬಂದವರು ಊರ ತುಂಬ ಇದ್ದರು. ಗಾಲ್ಬಾ ಉಳಿಸಿದ ಹಣದ ಲೆಕ್ಕವನ್ನ ಕೊನೆಗೆ ತೀರಿಸಿದ್ದು ಇಂಥವರು.

ಮುಂದಿನ ಸಂಚಿಕೆಯಲ್ಲಿ ಸಿಗೋಣ.